ಡಿಸ್ಕ್ ಮುಟ್ಟದ ಸಿ ಕಂಪೈಲರ್: ಪ್ರೋಗ್ರಾಮಿನೊಳಗೆ ಕೂರಿಸುವುದು ಹೇಗೆ?

‘ನನ್ನ ಪ್ರೋಗ್ರಾಮಿನೊಳಗೇ ಸಿ ಕಂಪೈಲರ್ ಇದೆ, ನೋಡಿ’ ಎಂದು ತೋರಿಸಲು ಬಂದವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅವರ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿಯಾಗಿ ಓಡುತ್ತದೆ. ಅದೇ ಫೈಲನ್ನು ಪೆನ್‌ಡ್ರೈವಿನಲ್ಲಿ ನನ್ನ ಯಂತ್ರಕ್ಕೆ ತಂದರೆ ಒಂದೇ ಸಾಲಿನ ದೂರು: ‘ಎಸ್‌ಟಿಡಿಡೆಫ್.ಎಚ್’ ಎಂಬ ಹೆಡರ್ (ಘೋಷಣೆಗಳನ್ನು ಬರೆದಿಟ್ಟ ಫೈಲು) ಸಿಗಲಿಲ್ಲ. ಅದನ್ನು ನಕಲು ಮಾಡಿ ಪಕ್ಕದಲ್ಲಿಟ್ಟರೆ ಮುಂದಿನ ದೂರು: ‘ಲಿಬ್‌ಟಿಸಿಸಿ1.ಎ’ ಎಂಬ ಸಹಾಯಕ ಲೈಬ್ರರಿ ಸಿಗಲಿಲ್ಲ. ಕೊನೆಗೆ ಅವರು ನನ್ನ ಕೈಗಿಡುವುದು ಪ್ರೋಗ್ರಾಮನ್ನಲ್ಲ, ಒಂದು ಫೋಲ್ಡರನ್ನು ಮತ್ತು ‘ಇದನ್ನು ಅಲುಗಾಡಿಸಬೇಡಿ’ ಎಂಬ ಚೀಟಿಯನ್ನು.

ಪಕ್ಕದಲ್ಲಿ ಯಾವ ಫೈಲೂ ಬೇಡದಂತೆ ಕಂಪೈಲರನ್ನು ಒಳಗೇ ಕೂರಿಸುವುದು ಹೇಗೆ? ಉದಾಹರಣೆಗೆ ಟಿಸಿಸಿ, ಅಂದರೆ ಟೈನಿ ಸಿ ಕಂಪೈಲರನ್ನು ತೆಗೆದುಕೊಳ್ಳೋಣ. ಗೋಜಲು ಸಿ ಬರೆಯುವ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ 2001ರಲ್ಲಿ ಗೆದ್ದ ಓಟಿಸಿಸಿ ಎಂಬ ಪುಟಾಣಿ ಕಂಪೈಲರನ್ನೇ ಫ್ಯಾಬ್ರಿಸ್ ಬೆಲಾರ್ಡ್ ಬೆಳೆಸಿ ಇದನ್ನು ಕಟ್ಟಿದರು. ಇದರ ಲೈಬ್ರರಿ ರೂಪವೇ ಲಿಬ್‌ಟಿಸಿಸಿ. ಸಿ ಪಠ್ಯವನ್ನು ಸ್ಟ್ರಿಂಗ್ ಆಗಿ ಕೊಟ್ಟರೆ, ಅದು ನೆನಪಿನಲ್ಲೇ (ಮೆಮೊರಿಯಲ್ಲೇ) ಯಂತ್ರಭಾಷೆಗೆ ತಿರುಗಿಸಿ ಫಂಕ್ಷನ್ ಪಾಯಿಂಟರನ್ನು ಕೊಡುತ್ತದೆ. ಇಲ್ಲಿ ಹೇಳುತ್ತಿರುವುದು 0.9.27ನೇ ಆವೃತ್ತಿಯನ್ನು ಮುಂದಿಟ್ಟುಕೊಂಡು.

ಒಂದು: ಒಂದೇ ಫೈಲಾಗಿ ಕಟ್ಟಿ. ‘ಒನ್ ಸೋರ್ಸ್’ ಎಂಬ ಮ್ಯಾಕ್ರೊವನ್ನು (ಕಟ್ಟುವಾಗ ಬೆಲೆ ಕೊಡುವ ಹೆಸರನ್ನು) 1 ಮಾಡಿದರೆ ಲಿಬ್‌ಟಿಸಿಸಿ.ಸಿ ಫೈಲು ಉಳಿದ ಮೂಲ ಫೈಲುಗಳನ್ನೆಲ್ಲ ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ. ದೊಡ್ಡ ಲಾಭ ಬೇರೆಯೇ ಇದೆ. ಟಿಸಿಸಿಯೊಳಗೆ ‘ನೆಕ್ಸ್ಟ್’, ‘ಫೈಲ್’ ಎಂಬಂಥ ತೀರ ಸಾಮಾನ್ಯ ಹೆಸರುಗಳಿವೆ. ಈ ರೀತಿ ಕಟ್ಟಿದಾಗ ಅವೆಲ್ಲ ಸ್ಟ್ಯಾಟಿಕ್ ಆಗಿ ಒಳಗೇ ಉಳಿದು, ನಿಮ್ಮ ಹೆಸರುಗಳೊಡನೆ ಜಗಳಕ್ಕೆ ಬರುವುದಿಲ್ಲ.

ಬಹಳ ಜನ ಇಲ್ಲಿಗೇ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಅಲ್ಲಿ ಇಲ್ಲಿ ಸಿಗುವ ‘ಒಂದೇ ಫೈಲಿನ ಕಂಪೈಲರ್’ ಕಟ್ಟುಗಳಲ್ಲಿ ಹಲವು ಮಾಡಿರುವುದೂ ಇಷ್ಟೇ: ಫೈಲುಗಳನ್ನು ಸಾಲಾಗಿ ಅಂಟಿಸಿ, ಕಟ್ಟಿದವರ ಯಂತ್ರದ ಪೂರ್ಣ ಪಾತನ್ನು (ಫೈಲು ಇರುವ ಜಾಗದ ವಿಳಾಸವನ್ನು) ಒಳಗೇ ಬಿಟ್ಟಿರುತ್ತವೆ. ಅಂಥವನ್ನು ಮುಟ್ಟಬೇಡಿ.

ಎರಡು: ಹೊರಗಿನ ಬಾಗಿಲು ಮುಚ್ಚಿ. ‘ನೋ ಎಸ್‌ಟಿಡಿಇಂಕ್’ (ಸಿಸ್ಟಮಿನ ಹೆಡರುಗಳನ್ನು ಹುಡುಕಬೇಡ) ಮತ್ತು ‘ನೋ ಎಸ್‌ಟಿಡಿಲಿಬ್’ (ಸಿಸ್ಟಮಿನ ಲೈಬ್ರರಿಗಳನ್ನು ಸೇರಿಸಬೇಡ) ಆಯ್ಕೆಗಳನ್ನು ಕೊಡಿ. ಔಟ್‌ಪುಟ್ ಬಗೆಯನ್ನು ‘ಮೆಮೊರಿ’ ಎಂದು ಹೇಳುವುದಕ್ಕೆ ಮೊದಲೇ ಕೊಡಬೇಕು, ಏಕೆಂದರೆ ಸಿಸ್ಟಮ್ ಹೆಡರುಗಳ ಪಾತುಗಳು ಸೇರಿಕೊಳ್ಳುವುದು ಆ ಕರೆಯಲ್ಲೇ. ತಡವಾಗಿ ಕೊಟ್ಟರೆ ಯಾವ ದೂರೂ ಬರುವುದಿಲ್ಲ, ಕೆಲಸವೂ ಆಗುವುದಿಲ್ಲ.

ಮೂರು: ಹೆಡರುಗಳನ್ನು ಒಳಗೆ ತನ್ನಿ. ಜನ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ.

ಎಲ್ಲರಿಗೂ ಮೊದಲು ಹೊಳೆಯುವ ಉಪಾಯವೆಂದರೆ, ಪ್ರೋಗ್ರಾಮ್ ಶುರುವಾದಾಗ ಹೆಡರುಗಳನ್ನು ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿಟ್ಟು ಆ ಪಾತನ್ನು ಕೊಡುವುದು. ದಯವಿಟ್ಟು ಮಾಡಬೇಡಿ. ಬರೆಯಲು ಅನುಮತಿಯಿಲ್ಲದ ಕಡೆ ಅದು ಸೋಲುತ್ತದೆ. ಎರಡು ಪ್ರತಿಗಳು ಒಟ್ಟಿಗೆ ಓಡಿದರೆ ಒಂದು ಬರೆಯುತ್ತಿರುವುದನ್ನು ಇನ್ನೊಂದು ಅರ್ಧಕ್ಕೇ ಓದುತ್ತದೆ. ಮಧ್ಯದಲ್ಲಿ ಪ್ರೋಗ್ರಾಮ್ ಸತ್ತರೆ ಕಸ ಅಲ್ಲೇ ಉಳಿಯುತ್ತದೆ.

ಸರಿಯಾದ ದಾರಿ ಮೂಲದಲ್ಲೇ ಇದೆ. ಟಿಸಿಸಿ ಯಾವ ಹೆಡರನ್ನು ತೆರೆಯಬೇಕಾದರೂ ‘ಟಿಸಿಸಿ ಓಪನ್’ ಎಂಬ ಒಂದೇ ಫಂಕ್ಷನ್ನಿನ ಮೂಲಕ ಹೋಗುತ್ತದೆ. ಇನ್ನೊಂದೆಡೆ, ನೀವು ಸ್ಟ್ರಿಂಗ್ ಕೊಟ್ಟಾಗ ಅದು ಏನು ಮಾಡುತ್ತದೆ ನೋಡಿ: ‘ಟಿಸಿಸಿ ಓಪನ್ ಬಿಎಫ್’ ಎಂಬ ಫಂಕ್ಷನ್ನಿಗೆ ಹೆಸರು ಮತ್ತು ಉದ್ದ ಕೊಟ್ಟು ಬಫರ್ (ನೆನಪಿನಲ್ಲಿ ಒಂದಿಷ್ಟು ಜಾಗ) ಪಡೆದು, ಪಠ್ಯವನ್ನು ಅದರೊಳಗೆ ನಕಲು ಮಾಡುತ್ತದೆ. ಆ ಬಫರಿನ ಫೈಲ್ ಸಂಖ್ಯೆ ಮೈನಸ್ 1, ಅಂದರೆ ಅದರ ಹಿಂದೆ ತೆರೆದ ಫೈಲಿಲ್ಲ. ಅದನ್ನು ಕಂಡ ಓದುವ ಭಾಗ ಡಿಸ್ಕಿನತ್ತ ತಿರುಗಿಯೂ ನೋಡುವುದಿಲ್ಲ. ಅಂದರೆ ನೆನಪಿನಿಂದ ಓದುವ ವ್ಯವಸ್ಥೆ ಆಗಲೇ ಇದೆ, ಹೆಡರುಗಳಿಗೆ ಅದು ತಲುಪಿಲ್ಲ, ಅಷ್ಟೇ. ‘ಟಿಸಿಸಿ ಓಪನ್’ನ ಮೊದಲಲ್ಲೇ ಏಳೆಂಟು ಸಾಲು ಸೇರಿಸಿ: ಹೆಡರುಗಳ ಹೆಸರು ಮತ್ತು ಪಠ್ಯವನ್ನು ಜೋಡಿಸಿಟ್ಟ ಒಂದು ಕೋಷ್ಟಕ ಮಾಡಿ, ಕೇಳಿದ ಹೆಸರು ಅದರಲ್ಲಿದ್ದರೆ ಇದೇ ಬಫರ್ ತಂತ್ರದಿಂದ ಕೊಡಿ, ಇಲ್ಲದಿದ್ದರೆ ‘ಸಿಗಲಿಲ್ಲ’ ಎಂದು ಹಿಂತಿರುಗಿ.

ಇದರಲ್ಲಿ ಎರಡು ಗುಂಡಿಗಳಿವೆ, ಎರಡರಲ್ಲೂ ನಾನು ಬಿದ್ದಿದ್ದೇನೆ. ಮೊದಲನೆಯದು ಹೆಸರಿನದು. ಟಿಸಿಸಿ ಬರಿಯ ‘ಎಸ್‌ಟಿಡಿಡೆಫ್.ಎಚ್’ ಎಂದು ಕೇಳುವುದಿಲ್ಲ, ಹುಡುಕುವ ಪಾತನ್ನು ಮುಂದೆ ಅಂಟಿಸಿ ಕೇಳುತ್ತದೆ. ಹಾಗಾಗಿ ಡಿಸ್ಕಿನಲ್ಲಿ ಇರಲು ಸಾಧ್ಯವಿಲ್ಲದಂಥ ಒಂದು ಸುಳ್ಳು ಫೋಲ್ಡರ್ ಹೆಸರನ್ನು ಹೆಡರ್ ಪಾತಾಗಿ ಕೊಟ್ಟು, ಕೋಷ್ಟಕದಲ್ಲೂ ಅದೇ ಹೆಸರಿನೊಡನೆ ಬರೆದಿಡಬೇಕು. ನಾನು ಜಾಣತನ ಮಾಡಿ ಎರಡು ಕೋಲನ್‌ಗಳಿಂದ ಶುರುವಾಗುವ ಹೆಸರಿಟ್ಟೆ. ಲಿನಕ್ಸಿನಲ್ಲಿ ಹಲವು ಪಾತುಗಳನ್ನು ಬೇರ್ಪಡಿಸುವ ಚಿಹ್ನೆಯೇ ಕೋಲನ್! ನನ್ನ ಹೆಸರು ತುಂಡುತುಂಡಾಗಿ, ಒಂದು ಸಂಜೆಯಿಡೀ ಹಾಳಾಯಿತು. ಈಗ ‘ಆಟ್’ ಚಿಹ್ನೆಯಿಂದ ಶುರು ಮಾಡುತ್ತೇನೆ.

ಎರಡನೆಯ ಗುಂಡಿ ಉದ್ದದ್ದು. ಹೆಡರನ್ನು ಬೈಟುಗಳ ಅರೇ ಮಾಡಲು ಹೆಚ್ಚಿನವರು ಎಕ್ಸ್‌ಎಕ್ಸ್‌ಡಿ ಸಾಧನವನ್ನು ‘ಐ’ ಆಯ್ಕೆಯೊಡನೆ ಬಳಸುತ್ತಾರೆ. ಒಳ್ಳೆಯದೇ, ಆದರೆ ಅದು ಕೊನೆಗೆ ಸೊನ್ನೆ ಬೈಟನ್ನು ಹಾಕುವುದಿಲ್ಲ. ಅರೇಯ ಉದ್ದವನ್ನು ಸ್ಟ್ರಿಂಗ್‌ನಂತೆ ಅಳೆಯಲು ಹೋದರೆ ಅಳತೆ ಪಕ್ಕದ ನೆನಪಿಗೆ ನುಗ್ಗುತ್ತದೆ. ಒಮ್ಮೆ ಸರಿ, ಒಮ್ಮೆ ವಿಚಿತ್ರ ವ್ಯಾಕರಣದೋಷ. ಅದೇ ಸಾಧನ ಉದ್ದವನ್ನೂ ಬರೆದುಕೊಡುತ್ತದೆ, ಅದನ್ನೇ ಬಳಸಿ. ಹೆಡರನ್ನು ಒಂದೇ ಉದ್ದನೆಯ ಸ್ಟ್ರಿಂಗ್ ಆಗಿ ಬರೆಯುವ ಅಡ್ಡದಾರಿಯೂ ಇದೆ. ಆದರೆ ಸಿ99 ಮಾನಕ 4095 ಅಕ್ಷರಗಳವರೆಗಿನ ಸ್ಟ್ರಿಂಗಿಗೆ ಮಾತ್ರ ಭರವಸೆ ಕೊಡುತ್ತದೆ.

ಇನ್ನು, ಯಾವ ಹೆಡರುಗಳು ಬೇಕು? ಟಿಸಿಸಿಯ ಜೊತೆಗೇ ಬರುವ ನಾಲ್ಕಾರು ಪುಟ್ಟ ಹೆಡರುಗಳು ಸಾಕು. ‘ಎಸ್‌ಟಿಡಿಐಒ.ಎಚ್’ ಅವುಗಳಲ್ಲಿಲ್ಲ, ಅದು ಸಿಸ್ಟಮಿನದು. ಹಾಗೆಂದು ಸಿಸ್ಟಮಿನ ಹೆಡರನ್ನು ಒಳಗೆ ತುಂಬಲು ಹೊರಟರೆ ಅದು ಇನ್ನೊಂದನ್ನು, ಆ ಇನ್ನೊಂದು ಮತ್ತೊಂದನ್ನು ಕರೆಯುತ್ತಾ ದಂಡೇ ಬರುತ್ತದೆ. ಬಳಕೆದಾರರಿಗೆ ಬೇಕಾದ ಹತ್ತು ಫಂಕ್ಷನ್ನುಗಳನ್ನಷ್ಟೇ ಘೋಷಿಸುವ ಹತ್ತು ಸಾಲಿನ ಹೆಡರನ್ನು ನೀವೇ ಬರೆದು, ಅದೇ ಹೆಸರಿನಲ್ಲಿ ಕೋಷ್ಟಕಕ್ಕೆ ಸೇರಿಸಿ.

ನಾಲ್ಕು: ಓಡುವಾಗ ಬೇಕಾಗುವ ಫಂಕ್ಷನ್ನುಗಳು. ಲಿಬ್‌ಟಿಸಿಸಿ1ರಲ್ಲಿ ಇರುವುದು ಪ್ರೊಸೆಸರ್ ನೇರವಾಗಿ ಮಾಡಲಾಗದ ಸಣ್ಣಪುಟ್ಟ ಕೆಲಸಗಳು: 32 ಬಿಟ್ ಯಂತ್ರದಲ್ಲಿ 64 ಬಿಟ್ ಭಾಗಾಕಾರ, ದಶಮಾಂಶ ಸಂಖ್ಯೆಗಳ ಕೆಲವು ಪರಿವರ್ತನೆಗಳು ಇತ್ಯಾದಿ. ಮೂರನೆಯ ಹಂತದ ತಂತ್ರ ಇದಕ್ಕೆ ನಡೆಯುವುದಿಲ್ಲ. ಆರ್ಕೈವನ್ನು (ಲಿಬ್‌ಟಿಸಿಸಿ1.ಎ ಬಗೆಯ ಲೈಬ್ರರಿ ಫೈಲನ್ನು) ಓದುವ ಭಾಗಕ್ಕೆ ನಿಜವಾದ ಫೈಲ್ ಸಂಖ್ಯೆಯೇ ಬೇಕು, ಮೈನಸ್ 1 ಕೊಟ್ಟರೆ ಅದು ಒಪ್ಪುವುದಿಲ್ಲ. ಆ ಫಂಕ್ಷನ್ನುಗಳ ಮೂಲವನ್ನು ನಿಮ್ಮ ಪ್ರೋಗ್ರಾಮಿನ ಜೊತೆಗೇ ಕಟ್ಟಿ, ಒಂದೊಂದರ ಹೆಸರು ಮತ್ತು ವಿಳಾಸವನ್ನು ‘ಆ್ಯಡ್ ಸಿಂಬಲ್’ ಕರೆಯಿಂದ ಕೊಟ್ಟುಬಿಡಿ. ಹತ್ತು ಸಾಲಿನ ಹೆಡರಿನಲ್ಲಿ ಘೋಷಿಸಿದವನ್ನೂ ಹೀಗೆಯೇ ಕೊಡಬೇಕು. ಬೇಸರದ ಕೆಲಸ, ಆದರೆ ಒಂದು ಅನುಕೂಲವಿದೆ: ಬಳಕೆದಾರ ಯಾವ ಫಂಕ್ಷನ್ನನ್ನು ಹೆಸರು ಹಿಡಿದು ಕರೆಯಬಹುದು ಎಂಬ ಪಟ್ಟಿ ಒಂದೇ ಕಡೆ ಕಾಣುತ್ತದೆ. ಇದನ್ನು ಭದ್ರತೆ ಎಂದುಕೊಳ್ಳಬೇಡಿ. ಸಿಯಲ್ಲಿ ಪಾಯಿಂಟರ್ ಇರುವವರೆಗೆ ಯಾರೂ ಎಲ್ಲಿಗಾದರೂ ಹೋಗಬಹುದು.

ಐದು: ಓಡಿಸಿ. ಕಂಪೈಲ್, ರಿಲೊಕೇಟ್ (ಕೋಡನ್ನು ನೆನಪಿನಲ್ಲಿ ಅದರ ಜಾಗಕ್ಕೆ ಕೂರಿಸುವುದು), ಸಿಂಬಲ್ (ಫಂಕ್ಷನ್ನಿನ ವಿಳಾಸ) ಪಡೆದು ಕರೆಯುವುದು. ಪ್ರತಿ ಕರೆಯ ಉತ್ತರವನ್ನೂ ಪರೀಕ್ಷಿಸಿ. ಬಿಗಿ ಭದ್ರತೆಯ ಸಿಸ್ಟಮುಗಳು ನೆನಪನ್ನು ಓಡಿಸಲು ಬಿಡದಿದ್ದರೆ ರಿಲೊಕೇಟ್ ಸೋಲುತ್ತದೆ. ದೋಷಸಂದೇಶ ಹಿಡಿಯುವ ಫಂಕ್ಷನ್ನನ್ನು ಮೊದಲೇ ಕೊಟ್ಟಿರಿ. ಕಂಪೈಲರ್ ಸ್ಥಿತಿಯನ್ನು ಡಿಲೀಟ್ ಮಾಡಿದರೆ ಅದು ಹುಟ್ಟಿಸಿದ ಕೋಡಿನ ನೆನಪೂ ಹೋಗುತ್ತದೆ. ‘ಕಂಪೈಲ್ ಆಯಿತಲ್ಲ’ ಎಂದು ಡಿಲೀಟ್ ಮಾಡಿ, ಆಮೇಲೆ ಪಾಯಿಂಟರನ್ನು ಕರೆದು, ಕ್ರ್ಯಾಶ್ ಆಯಿತೆಂದು ಕಂಪೈಲರನ್ನು ಬೈಯುವವರಿದ್ದಾರೆ.

ಟಿಸಿಸಿಯ ಪರವಾನಗಿ ಎಲ್‌ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿ. ಹೀಗೆ ಒಳಗೇ ಕಟ್ಟಿ ಹಂಚುವಾಗ, ಬದಲಾಯಿಸಿದ ಲೈಬ್ರರಿಯೊಡನೆ ಪ್ರೋಗ್ರಾಮನ್ನು ಮತ್ತೆ ಲಿಂಕ್ ಮಾಡಿಕೊಳ್ಳಲು ಬಳಕೆದಾರನಿಗೆ ಬೇಕಾದದ್ದನ್ನು ಕೊಡಬೇಕು. ನೀವು ‘ಟಿಸಿಸಿ ಓಪನ್’ ತಿದ್ದಿದ್ದೀರಿ, ಆ ತಿದ್ದುಪಡಿಯ ಮೂಲವನ್ನೂ ಸೇರಿಸಿ.

ಆರು: ಪರೀಕ್ಷೆ. ನಿಮ್ಮ ಯಂತ್ರದಲ್ಲಿ ಓಡಿತು ಎಂಬುದನ್ನು ನಂಬಬೇಡಿ, ಅಲ್ಲಿ ಟಿಸಿಸಿ ಮೊದಲೇ ಇನ್‌ಸ್ಟಾಲ್ ಆಗಿರುತ್ತದೆ. ಕಂಪೈಲರ್ ಸೃಷ್ಟಿಸುವ ಸಾಲಿಗೆ ಮುಂಚೆ ಒಂದು ಗುರುತಿನ ಪದವನ್ನು ಪರದೆಗೆ ಬರೆಸಿ. ಪ್ರೋಗ್ರಾಮ್ ಸಿಸ್ಟಮಿಗೆ ಮಾಡುವ ಕರೆಗಳನ್ನೆಲ್ಲ ಸಾಲಾಗಿ ತೋರಿಸುವ, ಲಿನಕ್ಸಿನ ಎಸ್‌ಟ್ರೇಸ್ ಸಾಧನದಡಿ ಪ್ರೋಗ್ರಾಮನ್ನು ಓಡಿಸಿ, ಆ ಗುರುತಿನ ನಂತರದ ಸಾಲುಗಳನ್ನಷ್ಟೇ ಓದಿ. ಗುರುತಿಗೆ ಮುಂಚಿನ ಫೈಲುಗಳು ಸಿಸ್ಟಮಿನ ಲೋಡರ್ ತೆರೆದವು, ಅವುಗಳ ಗೊಡವೆ ಬೇಡ. ನಂತರದಲ್ಲಿ ಹೆಡರಿನದೋ ಆರ್ಕೈವಿನದೋ ‘ಓಪನ್’ ಕರೆ ಒಂದೇ ಒಂದು ಕಂಡರೂ, ಅದು ಫೈಲ್ ಸಿಗದೆ ಸೋತ ಕರೆಯೇ ಆಗಿದ್ದರೂ, ಎರಡನೆಯ ಹಂತದಿಂದ ಮತ್ತೆ ಶುರು ಮಾಡಿ.