ಚಂಡೆಯ ಪೆಟ್ಟಿಗೆ ನೂರು ವ್ಯಾಟ್: ಉಪ್ಪು ಗಾಳಿಯ ಊರಿನಲ್ಲಿ ಒಂದು ಪವರ್ ಆಂಪ್ಲಿಫೈಯರ್

ಉಡುಪಿಯಿಂದ ಮಲ್ಪೆಗೆ ಹೋಗುವಾಗ ಸಿಗುವ ಕೊಡವೂರಿನ ಕಡೆಯ ನಮ್ಮ ಹಂಚಿನ ಮನೆಯ ಚಾವಡಿಯಲ್ಲಿ ನಾಲ್ಕು ವರ್ಷಗಳಿಂದ ಒಂದು ಟ್ರಾನ್ಸಿಸ್ಟರ್ ಪವರ್ ಆಂಪ್ಲಿಫೈಯರ್ ಇದೆ. ಪ್ರತಿ ಚಾನೆಲ್ಲಿಗೆ 8 ಓಮ್ ಸ್ಪೀಕರಿನಲ್ಲಿ 100 ವ್ಯಾಟ್ ಕೊಡುವ, ಒಬ್ಬನೇ ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರದ, ಎರಡೂ ಪಕ್ಕದಲ್ಲಿ ಹೀಟ್‌ಸಿಂಕಿನ ರೆಕ್ಕೆಗಳಿರುವ ಕಪ್ಪು ಪೆಟ್ಟಿಗೆ ಅದು. ಮಂಗಳೂರಿನ ಒಂದು ಮನೆಯಿಂದ ಹಳೆಯದಾಗಿಯೇ ಕೊಂಡೆ. ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಮುಂದೆ ಹೇಳಲಿರುವ ತೊಂದರೆಗಳಲ್ಲಿ ಹೆಚ್ಚಿನವು ಪೆಟ್ಟಿಗೆಯವಲ್ಲ, ನಮ್ಮ ಹವೆಯವು.

ಅದಕ್ಕೆ ಮೊದಲು ನನ್ನಲ್ಲಿದ್ದದ್ದು 40 ವ್ಯಾಟಿನ ಒಂದು ಇಂಟಿಗ್ರೇಟೆಡ್ ಆಂಪ್ಲಿಫೈಯರ್. ಅದರ ಬಗ್ಗೆ ನನಗೆ ಯಾವ ದೂರೂ ಇರಲಿಲ್ಲ. ಆದರೆ ಒಂದು ಬೇಸಿಗೆಯಲ್ಲಿ, ನಮ್ಮ ಗದ್ದೆಯಾಚೆಗಿನ ಯಕ್ಷಗಾನ ಬಯಲಾಟವೊಂದನ್ನು ಭಾಗವತರ ಪಕ್ಕದಲ್ಲಿ ಸಣ್ಣ ರೆಕಾರ್ಡರ್ ಇಟ್ಟು 24 ಬಿಟ್‌ನಲ್ಲಿ, ಸದ್ದಿನ ಏರಿಳಿತವನ್ನು ಎಲ್ಲೂ ಕುಗ್ಗಿಸದೆ ಧ್ವನಿಮುದ್ರಿಸಿಕೊಂಡಿದ್ದೆ. ಮನೆಗೆ ಬಂದು ಕೇಳಿದಾಗ ಭಾಗವತಿಕೆ ಸರಿಯಾಗಿತ್ತು, ಮದ್ದಳೆಯೂ ಪರವಾಗಿರಲಿಲ್ಲ. ಚಂಡೆ ಮಾತ್ರ ತಗಡಿನ ಡಬ್ಬಿಯಂತೆ ಕೇಳುತ್ತಿತ್ತು. ರೆಕಾರ್ಡರಿನದೇ ತಪ್ಪೆಂದುಕೊಂಡು ಅದೇ ಕಡತವನ್ನು ಹೆಡ್‌ಫೋನಿನಲ್ಲಿ ಕೇಳಿದರೆ ಬಡಗುತಿಟ್ಟಿನ ಚಂಡೆ ತನ್ನ ಎಂದಿನ ಸೀಳುವ ಚೂಪಿನಲ್ಲಿಯೇ ಇತ್ತು. ಎಂದಮೇಲೆ ತೊಂದರೆ ಮುದ್ರಣದಲ್ಲಿರಲಿಲ್ಲ.

ಆ ಕಡತವನ್ನು ಕಂಪ್ಯೂಟರಿನಲ್ಲಿ ತೆರೆದು ಅಲೆಯ ಚಿತ್ರವನ್ನು ನೋಡಿದಾಗ ಲೆಕ್ಕ ಬಿಚ್ಚಿಕೊಂಡಿತು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಮುದ್ರಣಗಳಲ್ಲಿ ಸರಾಸರಿ ಮಟ್ಟಕ್ಕೂ ಅತಿ ಎತ್ತರದ ಶಿಖರಕ್ಕೂ ಇರುವ ಅಂತರ, ನಾನು ಅಳೆದಂತೆ, 10ರಿಂದ 12 ಡೆಸಿಬೆಲ್. ನನ್ನ ಬಯಲಾಟದಲ್ಲಿ ಅದು 20 ಡೆಸಿಬೆಲ್ ದಾಟಿತ್ತು. 20 ಡೆಸಿಬೆಲ್ ಎಂದರೆ ಶಕ್ತಿಯಲ್ಲಿ ನೂರು ಪಟ್ಟು. ನನ್ನ ಸ್ಪೀಕರುಗಳು 87 ಡೆಸಿಬೆಲ್ ಸಂವೇದನೆಯವು (1 ವ್ಯಾಟಿಗೆ 1 ಮೀಟರ್ ದೂರದಲ್ಲಿ ಅಷ್ಟು ಸದ್ದು), ನಾನು ಕೂರುವುದು 3 ಮೀಟರ್ ದೂರದಲ್ಲಿ, ಆ ದೂರದಲ್ಲಿ ನೆಮ್ಮದಿಯಾಗಿ ಕೇಳಲು ಸರಾಸರಿ 1 ವ್ಯಾಟ್ ಸಾಕು. ಆದರೆ ಆ ಒಂದು ವ್ಯಾಟಿನ ಹಾಡಿನ ನಡುವೆ ಬೀಳುವ ಚಂಡೆಯ ಒಂದು ಪೆಟ್ಟು, ಕೆಲವೇ ಮಿಲಿಸೆಕೆಂಡುಗಳ ಕಾಲ, 100 ವ್ಯಾಟ್ ಕೇಳುತ್ತದೆ. 40 ವ್ಯಾಟಿನ ಯಂತ್ರ ಅಲ್ಲಿ ಅಲೆಯ ತಲೆಯನ್ನು ಕೊಯ್ದು ಚಪ್ಪಟೆ ಮಾಡುತ್ತಿತ್ತು. ನಾವು ಕ್ಲಿಪ್ಪಿಂಗ್ ಎನ್ನುವುದು ಇದನ್ನೇ. ದೊಡ್ಡ ಆಂಪ್ಲಿಫೈಯರ್ ಇರುವುದು ಜೋರಾಗಿ ಕೇಳುವುದಕ್ಕೆ ಎಂದು ಅಲ್ಲಿಯವರೆಗೆ ನಾನೂ ನಂಬಿದ್ದೆ.

ಪೆಟ್ಟಿಗೆ ಮನೆಗೆ ಬಂದ ದಿನ ಸ್ವಿಚ್ ಹಾಕಿದ ಕೂಡಲೇ ಚಾವಡಿಯ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆರುವ ಸ್ವಿಚ್) ಬಿತ್ತು. 500 ವಿಎ ಟೊರಾಯ್ಡಲ್ (ಬಳೆಯಾಕಾರದ) ಟ್ರಾನ್ಸ್‌ಫಾರ್ಮರ್ ಮತ್ತು ಅದರ ಹಿಂದಿನ ಬರಿದಾದ ಕೆಪಾಸಿಟರುಗಳು ಮೊದಲ ಕ್ಷಣದಲ್ಲಿ ಸೆಳೆಯುವ ಕರೆಂಟಿಗೆ ನಮ್ಮ 6 ಆಂಪಿಯರಿನ ಬಿ ವರ್ಗದ ಎಂಸಿಬಿ ತಾಳಲಿಲ್ಲ. ಬಿ ವರ್ಗದ್ದು ತನ್ನ ಮಿತಿಯ 3ರಿಂದ 5 ಪಟ್ಟಿಗೆ ಥಟ್ಟನೆ ಬೀಳುತ್ತದೆ, ಸಿ ವರ್ಗದ್ದು 5ರಿಂದ 10 ಪಟ್ಟಿನವರೆಗೆ ತಾಳುತ್ತದೆ. ಎಲೆಕ್ಟ್ರೀಷಿಯನ್ ತಂತಿಯ ದಪ್ಪ ನೋಡಿ ಸಿ ವರ್ಗದ್ದನ್ನು ಹಾಕಿಕೊಟ್ಟರು. ಆ ಮೇಲೆ ಎಂದೂ ಬಿದ್ದಿಲ್ಲ.

ಹೊಸ ವಸ್ತು ಬಂದ ಉತ್ಸಾಹದಲ್ಲಿ ಕಿವಿ ಸುಳ್ಳು ಹೇಳುತ್ತದೆಂಬ ಅರಿವು ನನಗಿದ್ದುದರಿಂದ ಎರಡನ್ನೂ ಸಮ ಮಟ್ಟದಲ್ಲಿಟ್ಟು ಹೋಲಿಸಲು ತೀರ್ಮಾನಿಸಿದೆ. 100 ಹರ್ಟ್ಜ್‌ನ ಒಂದೇ ಸ್ವರವನ್ನು ನುಡಿಸಿ, ಸ್ಪೀಕರಿನ ಎರಡು ತಿರುಪುಗಳ ನಡುವೆ ಮಲ್ಟಿಮೀಟರ್ ಹಿಡಿದು, ಎರಡು ಆಂಪ್ಲಿಫೈಯರುಗಳಲ್ಲಿಯೂ ಓದು 2.83 ವೋಲ್ಟ್ ಬರುವಂತೆ ಹೊಂದಿಸಿದೆ. 8 ಓಮಿನಲ್ಲಿ ಅದು ಸರಿಯಾಗಿ 1 ವ್ಯಾಟ್. ವ್ಯತ್ಯಾಸ 0.03 ವೋಲ್ಟಿಗಿಂತ ಹೆಚ್ಚಿದ್ದರೆ ಪರೀಕ್ಷೆ ಕೆಟ್ಟಿತೆಂದೇ ಅರ್ಥ, ಏಕೆಂದರೆ ತುಸು ಜೋರಾಗಿರುವುದನ್ನು ಕಿವಿ 'ಹೆಚ್ಚು ಸ್ಪಷ್ಟ' ಎಂದು ಬಗೆಯುತ್ತದೆ. (ಅಗ್ಗದ ಮೀಟರುಗಳು ಮೇಲಿನ ಸ್ವರಗಳಲ್ಲಿ ತಪ್ಪು ಓದುವುದರಿಂದಲೇ 100 ಹರ್ಟ್ಜ್ ಆರಿಸಿದ್ದು.) ನನ್ನ ತಮ್ಮ ಪರದೆಯ ಹಿಂದೆ ಕುಳಿತು ತಂತಿ ಬದಲಿಸಿದ, ಯಾವುದು ನುಡಿಯುತ್ತಿದೆಯೆಂದು ನಾನು ಚೀಟಿಯಲ್ಲಿ ಬರೆದೆ.

ಪಿಟೀಲಿನಲ್ಲಿ ಹತ್ತಕ್ಕೆ ಐದು ಸರಿ. ಗಾಯನದಲ್ಲಿ ಹತ್ತಕ್ಕೆ ಆರು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ತಂಬೂರಿಯ ಶ್ರುತಿ, ಕಂಠದ ಉಸಿರು, ಇವುಗಳಲ್ಲಿ ನನಗೆ ಯಾವ ಭೇದವೂ ತಿಳಿಯಲಿಲ್ಲವೆಂದು ಒಪ್ಪಿಕೊಳ್ಳಲು ಆ ದಿನ ಸ್ವಲ್ಪ ಕಷ್ಟವಾಯಿತು, ಕೊಟ್ಟ ಹಣ ನೆನಪಾಗುತ್ತಿತ್ತು. ಬಯಲಾಟದ ಕಡತದಲ್ಲಿ ಮಾತ್ರ, ವೇಷ ಪ್ರವೇಶದ ಚಂಡೆಯ ಭಾಗದಲ್ಲಿ, ಹತ್ತಕ್ಕೆ ಹತ್ತೂ ಸರಿಯಾಯಿತು. ಹಳೆಯ ಯಂತ್ರದಲ್ಲಿ ಪೆಟ್ಟು ಮತ್ತು ಅದರ ಹಿಂದಿನ ಗುಂಗು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಹೊಸದರಲ್ಲಿ ಕೋಲು ಚರ್ಮಕ್ಕೆ ತಾಗುವ ಕ್ಷಣ ಬೇರೆ, ಆಮೇಲೆ ಏಳುವ ನಾದ ಬೇರೆ. ಚಂಡೆಯ ಹಿಂದೆ ಮುಚ್ಚಿಹೋಗುತ್ತಿದ್ದ ಭಾಗವತರ ತಾಳವೂ ತನ್ನ ಜಾಗದಲ್ಲಿ ನಿಂತು ಕೇಳಿಸಿತು. 40ರಿಂದ 100 ವ್ಯಾಟಿಗೆ ಏರಿದರೆ ಸಿಗುವುದು ಕೇವಲ 4 ಡೆಸಿಬೆಲ್ ಹೆಚ್ಚಳ. ನನ್ನ ಕೊರತೆಯೂ ಸುಮಾರು ಅಷ್ಟೇ ಇತ್ತು.

ಬಂದವರು ವಾಲ್ಯೂಮ್ ಗುಂಡಿಯನ್ನು ಗಡಿಯಾರದ ಒಂಬತ್ತು ಗಂಟೆಯವರೆಗೆ ಮಾತ್ರ ತಿರುಗಿಸಿದಾಗಲೇ ಸದ್ದು ತುಂಬುವುದನ್ನು ಕಂಡು 'ಎಂಥ ಶಕ್ತಿ ಮಾರಾಯ್ರೆ' ಎನ್ನುವುದುಂಟು. ಅದು ಶಕ್ತಿಯಲ್ಲ, ಗೇನ್. ಈ ಪೆಟ್ಟಿಗೆ ಒಳಬಂದ 1 ವೋಲ್ಟನ್ನು 28 ವೋಲ್ಟ್ ಮಾಡುತ್ತದೆ. ಇದರ ಹಿಂದಿರುವ, ವಾಲ್ಯೂಮ್ ಗುಂಡಿಯ ಪ್ರೀಆಂಪ್ 2 ವೋಲ್ಟ್ ಕೊಡಬಲ್ಲದು. ಹಾಗಾಗಿ ಗುಂಡಿಯ ಅರ್ಧ ದಾರಿಗೆ ಕೆಲಸವೇ ಇಲ್ಲ.

ಮಾರಿದವರು ಡ್ಯಾಂಪಿಂಗ್ ಫ್ಯಾಕ್ಟರ್ (ಸ್ಪೀಕರಿನ 8 ಓಮ್ ತಡೆ ಆಂಪ್ಲಿಫೈಯರಿನ ತಡೆಯ ಎಷ್ಟು ಪಟ್ಟು ಎಂಬ ಲೆಕ್ಕ) 200 ಎಂದು ಹೆಮ್ಮೆಯಿಂದ ಹೇಳಿದ್ದರು. ಎಂದರೆ ಹೊರಹರಿವಿನ ತಡೆ 0.04 ಓಮ್. ನನ್ನ ಸ್ಪೀಕರ್ ತಂತಿ 4 ಮೀಟರ್ ಉದ್ದ, 1.5 ಚದರ ಮಿಲಿಮೀಟರ್ ದಪ್ಪ. ಹೋಗಿ ಬರುವ 8 ಮೀಟರ್ ತಾಮ್ರದ ತಡೆಯೇ 0.09 ಓಮ್, ಆಂಪ್ಲಿಫೈಯರಿನದರ ಎರಡು ಪಟ್ಟು. ಮನೆಯ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರಿನ ತಂತಿಯನ್ನು ತಂದು ಹಾಕಿ ಆ ವಿಷಯವನ್ನು ಮುಗಿಸಿದೆ.

ಮೊದಲ ಬೇಸಿಗೆ ಹೀಗೆ ಸುಖವಾಗಿ ಕಳೆಯಿತು. ಆಷಾಢದ ಒಂದು ಬೆಳಿಗ್ಗೆ, ಹಂಚಿನ ಮೇಲೆ ಮಳೆ ಸ್ವಲ್ಪ ಬಿಟ್ಟಿದ್ದಾಗ (ಬಿಡದಿದ್ದರೆ ಈ ಮನೆಯಲ್ಲಿ ಯಾವ ಆಂಪ್ಲಿಫೈಯರಿಗೂ ಬೆಲೆಯಿಲ್ಲ), ತಗ್ಗಿದ ದನಿಯಲ್ಲಿ ವೀಣೆ ಹಾಕಿದೆ. ಎಡಗಡೆ ಸ್ಪೀಕರ್ ಕೇಳಿಸುತ್ತಲೇ ಇಲ್ಲ. ಕಿವಿಯಿಟ್ಟರೆ ನೆಗಡಿಯಾದ ಮೂಗಿನಿಂದ ಬಂದಂಥ ಕ್ಷೀಣ, ಗೊರಗೊರ ಸದ್ದು. ವಾಲ್ಯೂಮ್ ಏರಿಸಿದೆ, 'ಟಪ್' ಎಂದು ಎಡಗಡೆ ಪೂರ್ತಿ ಬಂದಿತು. ಇಳಿಸಿದ ಮೇಲೂ ಉಳಿಯಿತು. ಮರುದಿನ ಬೆಳಿಗ್ಗೆ ಮತ್ತೆ ಅದೇ ಕತೆ.

ಜೋರು ಮಾಡಿದರೆ ಸರಿಯಾಗುವ ರೋಗವೆಂದರೆ ಮೊದಲು ಸಂಶಯಿಸಬೇಕಾದದ್ದು ಸ್ಪೀಕರ್ ರಿಲೇಯನ್ನು. ಸ್ವಿಚ್ ಹಾಕಿದ ನಾಲ್ಕೈದು ಸೆಕೆಂಡಿನ ಮೇಲೆ ಒಳಗೆ 'ಟಿಕ್' ಎನ್ನುವುದು ಅದೇ. ಟ್ರಾನ್ಸಿಸ್ಟರ್ ಸುಟ್ಟು ಹೊರಹರಿವಿನಲ್ಲಿ ಡಿಸಿ (ಒಂದೇ ದಿಕ್ಕಿನ ಕರೆಂಟ್) ಬಂದರೆ ಸ್ಪೀಕರನ್ನು ಉಳಿಸುವುದೂ ಅದೇ. ಅದರ ಸಂಪರ್ಕ ಬಿಂದುಗಳ ಮೇಲೆ ಕಿಲುಬಿನ ತೆಳು ಪೊರೆ ಕಟ್ಟಿದರೆ ಸಣ್ಣ ಸಂಕೇತ ದಾಟುವುದಿಲ್ಲ, ದೊಡ್ಡದು ಪೊರೆಯನ್ನು ಒಡೆದು ನುಗ್ಗುತ್ತದೆ. ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಪ್ರತಿ ರೈಲಿನ (ಪ್ಲಸ್ ಮತ್ತು ಮೈನಸ್ ವಿದ್ಯುತ್ ಸಾಲುಗಳ) 20,000 ಮೈಕ್ರೋಫ್ಯಾರಡ್ ಕೆಪಾಸಿಟರುಗಳನ್ನು 100 ಓಮ್, 10 ವ್ಯಾಟಿನ ರೆಸಿಸ್ಟರಿನ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಹಾಕಿದೆ. ಪ್ಲಗ್ ಕಿತ್ತ ಮಾತ್ರಕ್ಕೆ ಒಳಗಿನ ಪ್ಲಸ್ 47, ಮೈನಸ್ 47 ವೋಲ್ಟುಗಳು ಹೋಗಿಬಿಡುವುದಿಲ್ಲ. ಇದನ್ನು ಮರೆಯುವವರು ಮುಚ್ಚಳ ತೆಗೆಯಬಾರದು. ರಿಲೇಯ ಪಾರದರ್ಶಕ ಗೂಡನ್ನು ಬಿಚ್ಚಿ ಟಾರ್ಚ್ ಹಿಡಿದರೆ, ಬೆಳ್ಳಿಯ ಬಣ್ಣದಲ್ಲಿರಬೇಕಾದ ನಾಲ್ಕು ಬಿಂದುಗಳಲ್ಲಿ ಎರಡು ಹಳೆಯ ಕಾಲುಂಗುರದಂತೆ ಕಪ್ಪಾಗಿದ್ದವು.

ಉಪ್ಪುಕಾಗದ ಹಾಕಿ ಉಜ್ಜುವ ಆಸೆಯಾಯಿತು, ತಡೆದುಕೊಂಡೆ. ಮೇಲಿನ ಲೇಪ ಹೋದರೆ ಮುಂದಿನ ಮಳೆಗಾಲಕ್ಕೆ ಇನ್ನೂ ಬೇಗ ಕಪ್ಪಾಗುತ್ತದೆ. 24 ವೋಲ್ಟ್ ಕಾಯಿಲಿನ, ಅದೇ ಕಾಲುಗಳ ಅಳತೆಯ, ಆದರೆ ಗೂಡು ಪೂರ್ತಿ ಮುಚ್ಚಿದ ರಿಲೇಯನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ನೆಂಟರ ಕೈಯಲ್ಲಿ ತರಿಸಿ ಬೆಸುಗೆ ಹಾಕಿದೆ. ಎರಡು ತರಿಸಿದ್ದೆ. ಇನ್ನೊಂದು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಸ್ಕತ್ತಿನ ಡಬ್ಬಿಯಲ್ಲಿದೆ.

ತೆರೆದದ್ದೇ ಆಯಿತೆಂದು ಬಯಾಸನ್ನೂ (ಸುಮ್ಮನಿದ್ದಾಗಲೂ ಟ್ರಾನ್ಸಿಸ್ಟರುಗಳಲ್ಲಿ ಹರಿಯುವ ಸಣ್ಣ ಕರೆಂಟನ್ನು) ನೋಡಿದೆ. ಇದು ಎಬಿ ವರ್ಗದ ಯಂತ್ರ: ಅಲೆಯ ಮೇಲರ್ಧವನ್ನು ಎನ್‌ಪಿಎನ್ ಟ್ರಾನ್ಸಿಸ್ಟರುಗಳು, ಕೆಳಗಿನರ್ಧವನ್ನು ಪಿಎನ್‌ಪಿ ಟ್ರಾನ್ಸಿಸ್ಟರುಗಳು ಹೊರುತ್ತವೆ. ಬಾವಿಯಿಂದ ಸಾಲಾಗಿ ನಿಂತು ಕೊಡಪಾನ ದಾಟಿಸುವಾಗ ಒಬ್ಬರು ಬಿಡುವ ಮೊದಲೇ ಇನ್ನೊಬ್ಬರು ಹಿಡಿದಿರಬೇಕಲ್ಲ, ಹಾಗೆ ಎರಡೂ ಕಡೆಯವರು ಸದಾ ಸ್ವಲ್ಪ ಕರೆಂಟ್ ಹಿಡಿದೇ ಇರಬೇಕು. ಇಲ್ಲದಿದ್ದರೆ ಸೊನ್ನೆಯ ಗೆರೆಯಲ್ಲಿ ಅಲೆ ಎಡವುತ್ತದೆ, ಮತ್ತು ಆ ಎಡವು ಕೇಳಿಸುವುದು ಮೆಲುದನಿಯಲ್ಲಿಯೇ. 1975ರಲ್ಲಿ ಇಂಗ್ಲೆಂಡಿನ ಕ್ವಾಡ್ ಕಂಪನಿ ತನ್ನ 405 ಮಾದರಿಯಲ್ಲಿ ಕರೆಂಟ್ ಡಂಪಿಂಗ್ ಎಂಬ ಉಪಾಯದಿಂದ ಈ ಹೊಂದಾಣಿಕೆಯ ಅಗತ್ಯವನ್ನೇ ತೆಗೆದುಹಾಕಿತ್ತು. ನನ್ನದರಲ್ಲಿ ಸಣ್ಣ ಪ್ರೀಸೆಟ್ ತಿರುಪು ಇದೆ. ಅರ್ಧ ಗಂಟೆ ಬಿಸಿಯಾಗಲು ಬಿಟ್ಟು 0.22 ಓಮಿನ ಎಮಿಟರ್ ರೆಸಿಸ್ಟರಿನ ಮೇಲೆ ಅಳೆದರೆ ಬಲಗಡೆ 22 ಮಿಲಿವೋಲ್ಟ್, ಅಂದರೆ 100 ಮಿಲಿಆಂಪಿಯರ್, ಕೈಪಿಡಿಯಲ್ಲಿದ್ದಷ್ಟೇ. ಎಡಗಡೆ ಬರೇ 9. ಕೂದಲೆಳೆಯಷ್ಟು ತಿರುಗಿಸುವುದು, ಹತ್ತು ನಿಮಿಷ ಕಾಯುವುದು, ಮತ್ತೆ ತಿರುಗಿಸುವುದು: ಮಧ್ಯಾಹ್ನದ ಊಟ ಮೂರು ಗಂಟೆಗಾಯಿತು. ಅವಸರದಲ್ಲಿ ಹೆಚ್ಚು ತಿರುಗಿಸಿದರೆ ಟ್ರಾನ್ಸಿಸ್ಟರುಗಳೇ ಹೋಗುತ್ತವೆ.

ಅಲ್ಲಿಂದೀಚೆ ಮಳೆಗಾಲದಲ್ಲಿ ಹಾಡು ಕೇಳದ ದಿನವೂ ಒಂದೆರಡು ಗಂಟೆ ಸ್ವಿಚ್ ಹಾಕಿಡುತ್ತೇನೆ. ಸುಮ್ಮನಿದ್ದಾಗಲೂ ಅದು 50 ವ್ಯಾಟಿಗಿಂತ ತುಸು ಹೆಚ್ಚು ಎಳೆಯುತ್ತದೆ. ಆ ಬಿಸಿಯೇ ತೇವಕ್ಕೆ ಮದ್ದು. ಬಿಸಿಗೆ ಹಲ್ಲಿಗಳೂ ಬರುತ್ತವೆ. ಮೇಲಿನ ಗಾಳಿಕಂಡಿಗಳಿಗೆ ಸ್ಟೀಲಿನ ಜಾಲರಿ ಹೊಂದಿಸಿ, ತಡೆದ ಗಾಳಿಗೆ ಬದಲಾಗಿ ಕೆಳಗಿನ ಕಾಲುಗಳನ್ನು ಒಂದು ಇಂಚು ಎತ್ತರಿಸಿದ್ದೇನೆ.

ಗುಂಯ್ ಎನ್ನುವ ಸದ್ದು ಒಂದು ವಾರ ಕಾಡಿತು. ಅದು 50 ಹರ್ಟ್ಜಿನ ಮೆತ್ತಗಿನ ಗುಂಯ್. ಪವರ್ ಸಪ್ಲೈ ಕೆಟ್ಟರೆ ಬರುವುದು 100 ಹರ್ಟ್ಜಿನ ಒರಟು ಸದ್ದು. ಹಾಗಾಗಿ ಪೆಟ್ಟಿಗೆಯನ್ನು ಬಿಟ್ಟು ಅದಕ್ಕೆ ಸೇರಿದ ತಂತಿಗಳನ್ನು ಒಂದೊಂದಾಗಿ ಕೀಳುತ್ತಾ ಹೋದೆ. ಟಿವಿಗೆ ಬರುವ ಕೇಬಲಿನ ತಂತಿ ಕಿತ್ತೊಡನೆ ಮೌನ. ಆ ತಂತಿ ಬೇರೆಲ್ಲೋ ಭೂಮಿಗೆ ಸೇರಿದ್ದು, ನಮ್ಮ ಮನೆಯ ಅರ್ತಿನೊಂದಿಗೆ ದೊಡ್ಡ ಕುಣಿಕೆ ಕಟ್ಟಿತ್ತು. ಟಿವಿಯ ಸದ್ದನ್ನು ಆಪ್ಟಿಕಲ್ ತಂತಿಯಲ್ಲಿ ತಂದ ಮೇಲೆ ಲೋಹದ ಸಂಬಂಧವೇ ತಪ್ಪಿತು. ಪ್ಲಗ್ಗಿನ ಅರ್ತ್ ಪಿನ್ನನ್ನೇ ಕತ್ತರಿಸಿಬಿಡಿ ಎಂದು ಒಬ್ಬರು ಹೇಳಿದ್ದರು. ಲೋಹದ ಮೈಯ ಈ ಯಂತ್ರಕ್ಕೆ ಅಂಥ ಸಲಹೆ ಕೊಡುವವರನ್ನು ಚಾವಡಿಯ ಹತ್ತಿರ ಬಿಡಬಾರದು.

ಸಂಜೆ ನಮ್ಮಲ್ಲಿ ವೋಲ್ಟೇಜ್ 200ಕ್ಕೆ ಇಳಿಯುವುದುಂಟು. ಮೊದಲು ಸ್ಟೆಬಿಲೈಸರ್ ಇಟ್ಟಿದ್ದೆ, ಅದು ರಾಗದ ನಡುವೆ ಟಕಟಕ ಎನ್ನುತ್ತಿತ್ತು. ಲೆಕ್ಕ ಹಾಕಿದರೆ 230ರ ಬದಲು 200 ಬಂದಾಗ 100 ವ್ಯಾಟ್ ಸುಮಾರು 75 ಆಗುತ್ತದೆ, ನಷ್ಟ 1.2 ಡೆಸಿಬೆಲ್ ಮಾತ್ರ. ಸ್ಟೆಬಿಲೈಸರ್ ಈಗ ಫ್ರಿಜ್ಜಿನ ಪಾಲಾಗಿದೆ. ಸಿಡಿಲಿನ ಲಕ್ಷಣ ಕಂಡರೆ ಮಾತ್ರ ಪ್ಲಗ್ಗನ್ನೇ ಕಿತ್ತಿಡುತ್ತೇನೆ, ಸ್ವಿಚ್ ಆರಿಸುವುದನ್ನು ನಂಬುವುದಿಲ್ಲ.

ಒಂದು ಮಾತ್ರ ಬಾಕಿ. ಕೆಲವು ಸಂಜೆ ಟ್ರಾನ್ಸ್‌ಫಾರ್ಮರೇ, ಸ್ಪೀಕರಲ್ಲ, ಹತ್ತು ನಿಮಿಷ ಜೇನುಗೂಡಿನಂತೆ ಮೊರೆದು ತಾನಾಗಿ ಸುಮ್ಮನಾಗುತ್ತದೆ. ಹೇರ್ ಡ್ರೈಯರನ್ನು ಅರ್ಧ ಬಿಸಿಯಲ್ಲಿ ಇಟ್ಟಂತೆ, ಅಲೆಯ ಒಂದೇ ಅರ್ಧವನ್ನು ಎಳೆಯುವ ಉಪಕರಣ ಅದೇ ಲೈನಿನಲ್ಲಿದ್ದರೆ ಸ್ವಲ್ಪ ಡಿಸಿ ಸೇರಿಕೊಂಡು ಟೊರಾಯ್ಡಿನ ಕೋರ್ ಕಾಂತತೆಯಿಂದ ತುಂಬಿಹೋಗುವುದರಿಂದ ಹೀಗಾಗುತ್ತದೆ. ಯಾರ ಮನೆಯದೆಂದು ಹುಡುಕಲು ಹೋಗಿಲ್ಲ. ಅದನ್ನು ತಡೆಯುವ ಡಯೋಡು, ಕೆಪಾಸಿಟರುಗಳನ್ನು ತಂದಿದ್ದೇನೆ, ರಿಲೇಯಿರುವ ಡಬ್ಬಿಯಲ್ಲೇ ಇವೆ. 230 ವೋಲ್ಟಿನ ಕಡೆಯ ಕೆಲಸವಾದ್ದರಿಂದ ಮಳೆ ನಿಂತು ನೆಲ ಒಣಗಿದ ಮೇಲೆ ಹಚ್ಚಿಕೊಳ್ಳುವುದೆಂದು ಬಿಟ್ಟಿದ್ದೇನೆ.