ಮಿತಿ ದಾಟಿದ ಸಂಖ್ಯೆ ಸಾಧುವಾಗಿ ಬಂದಾಗ

ಹಳೆಯ ಲಿನಕ್ಸ್ ಡ್ರೈವರ್ (ಯಂತ್ರಾಂಶವನ್ನು ನಡೆಸುವ ತಂತ್ರಾಂಶ) ಒಂದರ ನಿರ್ವಹಣೆ ನನ್ನ ಪಾಲಿಗೆ ಬಂದಿತ್ತು. ಬಫರ್ (ದತ್ತಾಂಶವನ್ನು ತಾತ್ಕಾಲಿಕವಾಗಿ ಇಡುವ ಜಾಗ) ಎಷ್ಟು ಕಿಲೋಬೈಟ್ ಇರಬೇಕೆಂದು ಸಿಸ್‌ಎಫ್‌ಎಸ್ ಕಡತಕ್ಕೆ (ಲಿನಕ್ಸ್‌ನ ತಿರುಳಾದ ಕರ್ನಲ್ ತನ್ನ ಸೆಟ್ಟಿಂಗ್‌ಗಳನ್ನು ತೋರಿಸುವ ಕಡತಗಳಲ್ಲಿ ಒಂದು) ಬರೆದರೆ, ಡ್ರೈವರ್ ಅದನ್ನು ಓದಿ 1024ರಿಂದ ಗುಣಿಸಿ ಅಷ್ಟು ಮೆಮೊರಿ ಪಡೆಯುತ್ತಿತ್ತು. ಗರಿಷ್ಠ ಮಿತಿಯ ತಪಾಸಣೆಯೂ ಇತ್ತು. ಆದರೂ 4294967297 ಎಂದು ಬರೆದು ನೋಡಿದರೆ ತುಟಿ ಪಿಟಕ್ಕೆನ್ನದೆ ಒಪ್ಪಿಕೊಂಡು 1 ಕಿಲೋಬೈಟ್ ಬಫರ್ ಕೊಟ್ಟಿತು!

ಓದಿದ ಸಂಖ್ಯೆಯನ್ನು 32 ಬಿಟ್ ವೇರಿಯಬಲ್‌ಗೆ ತುಂಬುತ್ತಿದ್ದರು. ಅದರಲ್ಲಿ ಹಿಡಿಸುವುದು 4294967295ರವರೆಗೆ ಮಾತ್ರ; ಅದರಾಚೆಗಿನದು ಮತ್ತೆ ಸೊನ್ನೆಯಿಂದ ಸುತ್ತಿ ಬರುತ್ತದೆ. ಮಿತಿಯ ತಪಾಸಣೆ ನಡೆಯುತ್ತಿದ್ದುದು ಇದೆಲ್ಲ ಆದ ಮೇಲೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಮೊದಲು, ಪಠ್ಯವನ್ನು ಸಂಖ್ಯೆಯಾಗಿ ಓದುತ್ತಿದ್ದ ಹಳೆಯ ಫಂಕ್ಷನ್ ಸಿಂಪಲ್_ಸ್ಟರ್‌ಟೂಯುಎಲ್ ಕಿತ್ತುಹಾಕಿದೆ. ಅದು ಓವರ್‌ಫ್ಲೋವನ್ನು (ಸಂಖ್ಯೆ ಹಿಡಿಸದೆ ಹೊರಚೆಲ್ಲುವುದನ್ನು) ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಕರ್ನಲ್ ದಾಖಲೆಗಳೇ ಹೇಳುತ್ತವೆ. ಅದರ ಜಾಗಕ್ಕೆ ಬಂದ ಕೆಸ್ಟರ್‌ಟೂಯುಇಂಟ್ ಮೊದಲು 64 ಬಿಟ್‌ನಲ್ಲಿ ಓದಿ, 32 ಬಿಟ್‌ಗೆ ಇಳಿಸಿದಾಗ ಬೆಲೆ ಬದಲಾದರೆ ಇರೇಂಜ್ (ಮಿತಿ ಮೀರಿದೆ) ಎಂಬ ದೋಷ ಹಿಂತಿರುಗಿಸುತ್ತದೆ. ಆಧಾರಸಂಖ್ಯೆ (ಎಣಿಕೆ ಎಷ್ಟರ ಲೆಕ್ಕದಲ್ಲಿ ಎಂಬುದು) 10 ಎಂದೇ ಕೊಟ್ಟೆ. ಸೊನ್ನೆ ಕೊಟ್ಟರೆ ಕರ್ನಲ್ ಅದನ್ನು ತಾನೇ ಊಹಿಸುತ್ತದೆ, ‘010’ ಅಷ್ಟಮಾನದ ಲೆಕ್ಕದಲ್ಲಿ 8 ಆಗಿಬಿಡುತ್ತದೆ.

64 ಬಿಟ್ಟೇ ಸಾಲದ ಸಂಖ್ಯೆ ಬಂದರೆ? ಒಳಗಿನ ಲೂಪ್ ಓದಿದಾಗ ಖುಷಿಯಾಯಿತು. ಪ್ರತಿ ಅಂಕಿಗೂ ಭಾಗಾಕಾರ ಮಾಡಿ ಪರೀಕ್ಷಿಸುವುದು ದುಬಾರಿ. ಹಾಗಾಗಿ ಈವರೆಗಿನ ಮೊತ್ತದ ಮೇಲಿನ 4 ಬಿಟ್‌ಗಳು ಖಾಲಿ ಇವೆಯೇ ಎಂದಷ್ಟೇ ನೋಡುತ್ತಾರೆ. ಅಲ್ಲಿ ಒಪ್ಪುವ ಅತಿ ದೊಡ್ಡ ಆಧಾರಸಂಖ್ಯೆ 16. ಖಾಲಿ ಇದ್ದರೆ 16ರಿಂದ ಗುಣಿಸಿ ಇನ್ನೊಂದು ಅಂಕಿ ಕೂಡಿಸಿದರೂ 64 ಬಿಟ್ ಮೀರುವಂತಿಲ್ಲ. ಖಾಲಿ ಇಲ್ಲದಿದ್ದರೆ ಮಾತ್ರ ಭಾಗಾಕಾರ.

ಇಷ್ಟಾದರೂ ಗುಣಾಕಾರ ಉಳಿದಿತ್ತು. 4194304 ಎನ್ನುವುದು 32 ಬಿಟ್‌ಗೆ ಏನೇನೂ ಅಲ್ಲ, ಕೆಸ್ಟರ್‌ಟೂಯುಇಂಟ್ ಸಲೀಸಾಗಿ ಬಿಡುತ್ತದೆ. 1024ರಿಂದ ಗುಣಿಸಿದರೆ 32 ಬಿಟ್‌ನಲ್ಲಿ ಸುತ್ತಿ ಸರಿಯಾಗಿ ಸೊನ್ನೆ. ಮಿತಿಯನ್ನು ಕಿಲೋಬೈಟ್ ಲೆಕ್ಕಕ್ಕೆ ತಂದು ಗುಣಾಕಾರಕ್ಕೆ ಮೊದಲೇ ಹೋಲಿಸಿದೆ. ಜೊತೆಗೆ, ಗುಣಲಬ್ಧ ಮಿತಿ ಮೀರಿತೇ ಎಂದು ಹೇಳುವ ಚೆಕ್_ಮಲ್_ಓವರ್‌ಫ್ಲೋ ಕೂಡ ಹಾಕಿದೆ. ಎರಡೂ ಏಕೆಂದು ಪರಿಶೀಲಕರೊಬ್ಬರು ಕೇಳಿದರು. ಮಿತಿಯನ್ನು ನಾಳೆ ಯಾರಾದರೂ ಏರಿಸಬಹುದು, ಏರಿಸುವವರು ಗುಣಾಕಾರದತ್ತ ಕಣ್ಣು ಹಾಯಿಸುತ್ತಾರೆಂಬ ಭರವಸೆ ನನಗಿಲ್ಲ.

‘64ಎಂ’ (64 ಮೆಗಾಬೈಟ್) ಎಂದು ಬರೆಯಲು ಅವಕಾಶ ಕೊಡೋಣ, ಇಂಥ ಅಕ್ಷರಗಳನ್ನು ಓದುವ ಮೆಮ್‌ಪಾರ್ಸ್ ಇದೆಯಲ್ಲ ಎಂಬ ಸಲಹೆಯೂ ಬಂತು. ಒಪ್ಪಲಿಲ್ಲ. ಮೆಮ್‌ಪಾರ್ಸ್‌ಗೆ ‘16ಇ’ (16 ಎಕ್ಸಾಬೈಟ್) ಕೊಟ್ಟರೆ 2ರ 64ನೆಯ ಘಾತವಾಗಿ, ಕೈಗೆ ಸಿಗುವುದು ಸೊನ್ನೆ. ದೋಷದ ಸುಳಿವೂ ಇರುವುದಿಲ್ಲ.

ಕೆಯೂನಿಟ್ (ಕರ್ನಲ್ ಕೋಡ್ ಪರೀಕ್ಷಿಸುವ ಚೌಕಟ್ಟು) ಪರೀಕ್ಷೆಗಳಿಗೆ ಗಡಿಯಂಚಿನ ಬೆಲೆಗಳನ್ನೇ ಆರಿಸಿದೆ: 4194303, 4194304, 4294967295, 4294967296, ‘-1’, ಖಾಲಿ ಸಾಲು, ಮೂವತ್ತು ಒಂಬತ್ತುಗಳ ಸರಮಾಲೆ. ಕೊನೆಗೆ ಬರುವ ಒಂದು ಹೊಸಸಾಲಿನ ಚಿಹ್ನೆಯನ್ನು ಕೆಸ್ಟರ್‌ಟೂಯುಇಂಟ್ ಸಹಿಸಿಕೊಳ್ಳುವುದರಿಂದ ಕೊನೆಗೆ ಅದನ್ನು ಸೇರಿಸುವ ಎಕೋ ಆದೇಶದಿಂದ ಬರೆಯುವವರಿಗೆ ತೊಂದರೆಯಾಗಲಿಲ್ಲ. ತಕರಾರು ಬಂದದ್ದು ಬೇರೆ ಕಡೆಯಿಂದ. ನಮ್ಮದೇ ಸ್ಥಾಪನಾ ಸ್ಕ್ರಿಪ್ಟ್ ‘512ಕೆಬಿ’ ಎಂದು ಬರೆಯುತ್ತಿತ್ತು. ಹಳೆಯ ಕೋಡ್ ಬಾಲವನ್ನು ಕಡೆಗಣಿಸಿ 512 ಓದಿಕೊಳ್ಳುತ್ತಿತ್ತು, ಹೊಸದು ಇಡೀ ಸಾಲನ್ನೇ ತಿರಸ್ಕರಿಸಿತು. ಸ್ಕ್ರಿಪ್ಟ್ ತಿದ್ದುವ ಪ್ಯಾಚನ್ನು (ಕೋಡ್ ಬದಲಾವಣೆಯ ತುಣುಕನ್ನು) ಸರಣಿಯಲ್ಲಿ ಡ್ರೈವರ್ ಪ್ಯಾಚ್‌ಗಿಂತ ಮುಂಚೆ ಇಟ್ಟು ಕಳುಹಿಸಿದೆ.