ಕಾನಿನಲ್ಲಿ ಒಂದು ದಿನ: ನಾನು ಜನರನ್ನು ಕರೆದೊಯ್ಯುವ ಕ್ರಮ

ಆಗುಂಬೆ ಸೀಮೆಯ ಕಾನಿಗೆ, ಅಂದರೆ ಮಲೆನಾಡಿನ ನಿತ್ಯಹಸಿರು ಕಾಡಿಗೆ, ಜನರನ್ನು ಕರೆದುಕೊಂಡು ಹೋಗುವಾಗ ನಾನು ಇಟ್ಟುಕೊಂಡಿರುವ ಲೆಕ್ಕ ಇಷ್ಟು: ಎಂಟು ಜನ, ಐದು ಗಂಟೆ, ಮೂರು ಕಿಲೋಮೀಟರ್. ಮೂರು ಕಿಲೋಮೀಟರ್ ತೀರಾ ಕಡಿಮೆಯಾಯಿತು ಅನ್ನುವವರೇ ಹೆಚ್ಚು. ಆದರೆ ಬಿರಬಿರನೆ ನಡೆಯುವವರಿಗೆ ಕಾಡಿನಲ್ಲಿ ಕಾಣುವುದು ತಮ್ಮ ಪಾದ ಮತ್ತು ಮುಂದಿನವರ ಬೆನ್ನು. ಒಂದೇ ಕಡೆ ಹತ್ತು ನಿಮಿಷ ನಿಂತರೆ, ಮರದ ತೊಗಟೆಯೇ ಅಂದುಕೊಂಡಿದ್ದ ಹಾರುವ ಓತಿ ಗಂಟಲ ಕೆಳಗಿನ ಹಳದಿ ತೊಗಲು ಬಿಚ್ಚುತ್ತದೆ. ಅದು ಅಲ್ಲಿದೆ ಎಂದು ಗೊತ್ತಾಗುವುದೇ ಆಗ.

ಎಂಟಕ್ಕಿಂತ ಹೆಚ್ಚಾದರೆ ಹಿಂದಿನವರಿಗೆ ನನ್ನ ಪಿಸುಮಾತು ಕೇಳುವುದಿಲ್ಲ. ನಾನು ದನಿ ಏರಿಸಬೇಕಾಗುತ್ತದೆ, ಅವರು ಹತ್ತಿರ ಬರಲು ಅಕ್ಕಪಕ್ಕ ನಡೆಯುತ್ತಾರೆ, ಒಂದಡಿ ಅಗಲದ ಕಾಲುದಾರಿ ಮೂರಡಿ ಆಗುತ್ತದೆ. ಅಂಚಿನಲ್ಲಿ ಮೊಳೆತಿರುವ ಸಸಿಗಳು ಹೋಗುವುದು ಹೀಗೆಯೇ. ಮುಂದೆ ನಾನು, ಕೊನೆಯಲ್ಲಿ ಊರಿನವರೇ ಒಬ್ಬರು. ಕೊನೆಯವರನ್ನು ದಾಟಿ ಯಾರೂ ಹಿಂದೆ ಉಳಿಯುವಂತಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಒಳಗಿನ ದಾರಿ ಹಿಡಿಯುವುದಿಲ್ಲ. ಆಗುಂಬೆಗೆ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ, ಬಹುಪಾಲು ಆ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಬೆಳಿಗ್ಗೆ ಆರೂವರೆಗೆ ಹೊರಟು ಮಧ್ಯಾಹ್ನದ ಗುಡುಗಿನ ಮಳೆಗೆ ಮೊದಲೇ ವಾಪಸ್. ಹಳ್ಳ ದಾಟಿ ಹೋಗಿದ್ದರೆ ನೀರಿನ ಬಣ್ಣದ ಮೇಲೆ ಕಣ್ಣಿರಲಿ. ತಿಳಿನೀರು ಕೆಂಪಾಗಿ ಒಣಎಲೆ, ಕಡ್ಡಿಗಳು ತೇಲಿ ಬರತೊಡಗಿದರೆ ಮೇಲೆ ಎಲ್ಲೋ ಮಳೆ ಹೊಡೆಯುತ್ತಿದೆ ಎಂದರ್ಥ. ನಾವಿರುವಲ್ಲಿ ಬಿಸಿಲಿದ್ದರೂ ತಕ್ಷಣ ಈಚೆ ಬರಬೇಕು. ಗಾಳಿ ಜೋರಾದರೂ ಅಷ್ಟೇ, ಹಳೆಯ ಮರಗಳ ಒಣಕೊಂಬೆ ಬೀಳುವುದಕ್ಕೆ ಮುನ್ಸೂಚನೆ ಇರುವುದಿಲ್ಲ.

ಆಗುಂಬೆಗೆ ಹೊಂದಿಕೊಂಡಿರುವ ಸೋಮೇಶ್ವರ ಅಭಯಾರಣ್ಯದ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಇದನ್ನು ಹೊರಡುವ ದಿನ ನೋಡಿದರಾಯಿತು ಎನ್ನಬೇಡಿ.

ಇನ್ನು ಇಂಬಳ, ಅಂದರೆ ಕಾಡಿನ ಜಿಗಣೆ. ಮೊದಲ ಸಲ ಬರುವವರ ಅರ್ಧ ಗಮನ ಇದೇ ತಿನ್ನುತ್ತದೆ. ಸಾಮಾನ್ಯ ಕಾಲುಚೀಲದ ಹೆಣಿಗೆಯಲ್ಲಿ ಇಂಬಳ ಸಲೀಸಾಗಿ ತೂರುತ್ತದೆ. ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಹೊಲಿದ ಕಾಲುಚೀಲ ಬೇಕು: ಪ್ಯಾಂಟನ್ನು ಅದರೊಳಗೆ ಸೇರಿಸಿ ಮೊಣಕಾಲಿನ ಕೆಳಗೆ ದಾರ ಬಿಗಿಯಬೇಕು. ಹೊಗೆಸೊಪ್ಪು ನೆನೆಸಿದ ಎಣ್ಣೆಯೂ ಕೆಲಸ ಮಾಡುತ್ತದೆ, ಆದರೆ ಹಳ್ಳಕ್ಕೆ ಇಳಿಯುವ ದಾರಿಯಲ್ಲಿ ನಾನು ಅದನ್ನು ಹಚ್ಚಲು ಬಿಡುವುದಿಲ್ಲ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನೀರಿಗೆ ಬಿದ್ದದ್ದೆಲ್ಲ ಅದರ ಮೈಗೆ ಇಳಿಯುತ್ತದೆ. ಸೊಳ್ಳೆ ಮುಲಾಮು, ಸೋಪಿಗೂ ಇದೇ ನಿಯಮ.

ಕಚ್ಚಿದ ಇಂಬಳವನ್ನು ಬಿಡಿಸುವುದು ಹೀಗೆ. ಸಪೂರ ತುದಿಯೇ ಬಾಯಿ. ಪಕ್ಕದ ಚರ್ಮವನ್ನು ಒಂದು ಬೆರಳಿನಿಂದ ಬಿಗಿಯಾಗಿ ಎಳೆದು ಹಿಡಿದು, ಇನ್ನೊಂದು ಕೈಯ ಉಗುರನ್ನು ಚರ್ಮಕ್ಕೆ ಒತ್ತಿ ಬಾಯಿಯ ಕೆಳಗೆ ಅಡ್ಡಕ್ಕೆ ಸರಿಸಿದರೆ ಹಿಡಿತ ತಪ್ಪುತ್ತದೆ. ಆಮೇಲೆ ದಪ್ಪ ತುದಿಯನ್ನೂ ಹಾಗೇ ಬಿಡಿಸಿ ಪಕ್ಕದ ಎಲೆಯ ಮೇಲೆ ಬಿಟ್ಟರಾಯಿತು. ಉಪ್ಪು ಸುರಿದರೆ, ಕಿಡಿ ತಾಗಿಸಿದರೆ ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಾರಬಹುದು. ರಕ್ತ ಹೆಪ್ಪುಗಟ್ಟದಂತೆ ಅದು ಮಾಡಿರುವುದರಿಂದ ಬಹಳ ಹೊತ್ತು ಸೋರುತ್ತದೆ, ಗಾಬರಿ ಬೇಡ. ತೊಳೆದು ಬಟ್ಟೆ ಒತ್ತಿ ಕಟ್ಟಿದರೆ ಸಾಕು.

ಇಂಬಳಕ್ಕಿಂತ ನಾನು ಹೆದರುವುದು ಉಣುಗಿಗೆ, ಅಂದರೆ ಉಣ್ಣೆಹುಳಕ್ಕೆ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ (ಕೆಎಫ್‌ಡಿ) ಮೊದಲು ಗುರುತಾದದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ದರಕಿನಲ್ಲಿ (ಉದುರಿದ ಒಣಎಲೆಯಲ್ಲಿ) ಇರುವ ಎಳೆ ಉಣುಗು ಎಳ್ಳಿನಷ್ಟೂ ಇರುವುದಿಲ್ಲ, ಕಚ್ಚಿದ್ದೂ ತಿಳಿಯುವುದಿಲ್ಲ. ಆ ತಿಂಗಳುಗಳಲ್ಲಿ ಕಾಯಿಲೆಯ ಸುದ್ದಿ ಇರುವ ಕಡೆಗೆ ನಾನು ಹೋಗುವುದೇ ಇಲ್ಲ. ಬೇರೆಡೆಗೆ ಹೋದರೂ ದರಕಿನ ಮೇಲೆ ಕೂರಲು ಬಿಡುವುದಿಲ್ಲ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಹಚ್ಚಿಸುತ್ತೇನೆ. ಹಳ್ಳದ ದಾರಿ ಆ ಕಾಲಕ್ಕಿಲ್ಲ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಯವರಿಗೆ ತಿಳಿಸುತ್ತೇವೆ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈಗೆ ಸ್ನಾನ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ಕೈಯಾಡಿಸಿ ನೋಡಬೇಕು. ಒಂದೆರಡು ವಾರದೊಳಗೆ ಜ್ವರ, ತಲೆನೋವು ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆವು ಎಂದು ವೈದ್ಯರಿಗೆ ಮೊದಲೇ ಹೇಳಿ. ಬೆಂಗಳೂರಿನ ವೈದ್ಯರಿಗೆ ಅದು ತಾನಾಗಿ ಹೊಳೆಯಲಿಕ್ಕಿಲ್ಲ.

ಕಾಡಿನಲ್ಲಿ ಕೈಯನ್ನು ಎಲ್ಲಿಡುತ್ತೀರಿ ಎನ್ನುವುದೂ ಮುಖ್ಯ. ಬೆತ್ತದ ಬಳ್ಳಿ ಕೊಕ್ಕೆಮುಳ್ಳಿನದು, ಆಸರೆಗೆಂದು ಹಿಡಿದರೆ ಅಂಗೈ ಹರಿಯುತ್ತದೆ. ಹಳ್ಳದ ದಂಡೆಯ ಕಡ್ಡಿಗೆ ಕೆಸರು ಮೆತ್ತಿದ್ದರೆ ಒರೆಸಬೇಡಿ. ಅದು ಕುಂಬಾರ ಕಪ್ಪೆಯ ಮೊಟ್ಟೆ ಇರಬಹುದು: ಮೊಟ್ಟೆಯಿಟ್ಟ ಮೇಲೆ ಗಂಡು ಮುಂಗಾಲಿನಿಂದ ಕೆಸರು ತೆಗೆದು ಅದಕ್ಕೆ ಬಳಿಯುತ್ತದೆ. ಉತ್ತರ ಕನ್ನಡದ ಕಾಡಿನಿಂದ ಈ ಜಾತಿಗೆ ಹೆಸರಿಟ್ಟದ್ದು 2014ರಲ್ಲಷ್ಟೇ. ಬೇಸಿಗೆ ಕೊನೆಯಲ್ಲಿ ಯಾರೋ ಗುಡಿಸಿ ಒಟ್ಟಿದಂತೆ ದರಕಿನ ಗುಪ್ಪೆ ಕಂಡರೆ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಕಾಳಿಂಗ ಸರ್ಪ ಎಲೆ ಒಟ್ಟಿ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ, ತಾಯಿ ಅಲ್ಲೇ ಕಾವಲಿರುತ್ತದೆ.

ಸಾಮಾನು ಕಡಿಮೆ ಇರಲಿ. ತಲಾ ಎರಡು ಲೀಟರ್ ನೀರು, ಸ್ಟೀಲ್ ಬಾಟಲಿಯಲ್ಲಿ. ಬುತ್ತಿಗೆ ಬಾಳೆಎಲೆಯಲ್ಲಿ ಕಟ್ಟಿದ ಅವಲಕ್ಕಿ. ಹಣ್ಣಿನ ಸಿಪ್ಪೆ, ಆ ಎಲೆ ಕೂಡ ವಾಪಸ್ ಬರಬೇಕು, ಮಂಗಗಳಿಗೆ ಮನುಷ್ಯರ ತಿಂಡಿಯ ರುಚಿ ಹತ್ತಿದರೆ ಅವು ರಸ್ತೆಗೆ ಇಳಿಯುತ್ತವೆ. ಪ್ಲಾಸ್ಟಿಕ್ ರೇನ್‌ಕೋಟು ಹೆಜ್ಜೆಹೆಜ್ಜೆಗೂ ಚರಚರ ಎನ್ನುತ್ತದೆ, ಕೊಡೆಯೇ ವಾಸಿ. ದುರ್ಬೀನು 8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು) ಸಾಕು, ಹತ್ತು ಪಟ್ಟಿನದರಲ್ಲಿ ಕೈಯ ನಡುಕ ಹೆಚ್ಚು ಕಾಣುತ್ತದೆ. ಎಸಿ ಕಾರಿನಿಂದ ಇಳಿದ ಕ್ಯಾಮೆರಾ ಅರ್ಧ ಗಂಟೆ ಚೀಲದಲ್ಲೇ ಇರಲಿ, ಇಲ್ಲವಾದರೆ ಲೆನ್ಸಿಗೆ ಮಂಜು ಹಿಡಿಯುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದನ್ನು ನಾನು ಒಪ್ಪುವುದಿಲ್ಲ. ಎದುರಾಳಿ ಬಂತೆಂದು ಅದು ಗೂಡು ಬಿಟ್ಟು ಬರುತ್ತದೆ.

ಊಟ ಊರಿನ ಮನೆಯೊಂದರಲ್ಲಿ, ದುಡ್ಡು ಆ ಮನೆಯವರ ಕೈಗೇ. ಮೂರು ದಿನ ಮೊದಲು ಎಷ್ಟು ಜನ ಎಂದು ತಿಳಿಸಿದರೆ ಅವರಿಗೂ ಅನುಕೂಲ.

ಕಾರು ಹತ್ತುವ ಮೊದಲು ಬೂಟಿನ ಅಡಿ ಮತ್ತು ಲೇಸನ್ನು ಹಳೆಯ ಬ್ರಷ್‌ನಲ್ಲಿ ಅಲ್ಲೇ ಉಜ್ಜಿಸುತ್ತೇನೆ. ಅಂಚಿನಲ್ಲಿ ಹಬ್ಬುವ ಯುಪಟೋರಿಯಂ ಎಂಬ ಕಳೆಪೊದೆಯ ಬೀಜ ಲೇಸಿಗೆ ಅಂಟಿ ಮುಂದಿನ ಕಾನಿಗೆ ಹೋಗುವುದು ಹಾಗೆ ತಪ್ಪುತ್ತದೆ.